ಟೀ ಪುಡಿಗೆ ಏಳು ದಿನ

ಮಗಳು: ಆಗಲ್ಲ ಅಪ್ಪ. ಟೀ ಪುಡಿ ಅಂತ ನೀನು ಬರೆದಿದ್ದು ಮಂಗಳವಾರ. ಇವತ್ತಿನ್ನೂ ಗುರುವಾರ.

ದರ್ಜಿ: ಪುಟ್ಟಿ, ಟೀ ಆಸೆ ಅಲ್ಲ ಕಣೇ, ಅಗತ್ಯ! ತಲೆ ಸಿಡೀತಿದೆ. ಬೆಳಿಗ್ಗೆ ಒಂದೇ ಅಂಗಿಗೆ ಎರಡು ಎಡತೋಳು ಹೊಲಿದಿದ್ದೀನಿ!

ಅಡುಗೆಮನೆಯ ಬಾಗಿಲಲ್ಲಿ ಅಂಟಿಸಿದ ಹಾಳೆಯ ಮೇಲೆ ದರ್ಜಿಯದೇ ದಪ್ಪ ಅಕ್ಷರ: 'ಏನೇ ಕೊಳ್ಳಬೇಕಾದರೂ ಇಲ್ಲಿ ಬರೆದು ಏಳು ದಿನ ಕಾಯುವುದು. ಆಮೇಲೂ ಬೇಕೆನಿಸಿದರೆ ಮಾತ್ರ ಕೊಳ್ಳುವುದು.' ಮಗಳು ದುಡ್ಡಿನ ಬೆಲೆ ಕಲಿಯಲಿ ಎಂದು ಈ ತಿಂಗಳ ಮನೆಖರ್ಚಿನ ಚೀಲವನ್ನೂ ಆ ಮಹಾನುಭಾವ ಒಂಬತ್ತು ವರ್ಷದವಳ ಕೊರಳಿಗೇ ನೇತುಹಾಕಿದ್ದ.

ಹೆಂಡತಿ: ಗಿರಾಕಿಗಳನ್ನ ವಾರಗಟ್ಟಲೆ ಕಾಯಿಸೋರಿಗೆ ಐದು ದಿನ ಯಾವ ಲೆಕ್ಕಾರೀ?

ದರ್ಜಿ: ಮತ್ತೆ ಅಕ್ಕಿ, ತರಕಾರಿ ಎಲ್ಲ ಹೆಂಗೆ ಬರ್ತಿದೆ?

ಹೆಂಡತಿ: ನೀವು ಹಾಳೆ ಅಂಟಿಸಿದ ದಿನವೇ ಅಕ್ಕಿಯಿಂದ ಸೋಪಿನವರೆಗೆ ಬರೆದುಬಿಟ್ಟೆ.

ದರ್ಜಿ: ಟೀ ಪುಡಿ ಯಾಕೆ ಬರೀಲಿಲ್ಲ?

ಹೆಂಡತಿ: ನಾನು ಟೀ ಕುಡಿಯಲ್ವಲ್ಲ!

ದರ್ಜಿ: ಪುಟ್ಟಿ, ನಾನು ನಿನ್ನಪ್ಪ. ಚೀಲ ಇಲ್ಲಿ ಕೊಡು.

ಮಗಳು: ನಿನಗೊಂದು ನ್ಯಾಯ, ನನಗೊಂದು ನ್ಯಾಯಾನಾ? ಟೀ ಪುಡಿಯ ಮೇಲಿನ ಸಾಲು ಓದು.

ದರ್ಜಿ: 'ಬಣ್ಣದ ಪೆನ್ಸಿಲ್. ಶನಿವಾರ ಬರೆದದ್ದು.' ಅಂದ್ರೆ ನಾಡಿದ್ದು ಸಿಗುತ್ತೆ. ಸರಿ ಇದೆಯಲ್ಲ?

ಮಗಳು: ಚಿತ್ರದ ಸ್ಪರ್ಧೆ ನಾಳೆ.

ದರ್ಜಿಯ ಕಣ್ಣು ಚೀಲದ ಮೇಲೆ ಹೋಯಿತು. ಇಷ್ಟು ದಿನ ದುಡ್ಡು ಅವಳ ಕೊರಳಲ್ಲೇ ಇತ್ತು.

ದರ್ಜಿ: ಚೀಲ ನಿನ್ನ ಹತ್ರಾನೇ ಇತ್ತಲ್ಲೇ. ತಗೋಬಹುದಿತ್ತು.

ಮಗಳು: ಏಳು ದಿನ ಆಗಿರಲಿಲ್ವಲ್ಲ. ಇರಲಿ ಬಿಡು, ನೀನು ಬಟ್ಟೆಗೆ ಗೆರೆ ಹಾಕ್ತೀಯಲ್ಲ, ಆ ಬಣ್ಣದ ಸೀಮೆಸುಣ್ಣದ ಚೂರುಗಳನ್ನ ಎತ್ತಿಟ್ಟುಕೊಂಡಿದ್ದೀನಿ. ಅದರಲ್ಲೇ ಬಿಡಿಸ್ತೀನಿ.

ದರ್ಜಿಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ತಲೆನೋವು ಮರೆತೇಹೋಯಿತು. ಪೆನ್ನು ತೆಗೆದು ಹಾಳೆಯ ಕೊನೆಯಲ್ಲಿ ಬರೆದ: 'ತುರ್ತಾಗಿದ್ದರೆ ಕಾಯಬೇಕಿಲ್ಲ. ಅದೇ ದಿನ ಕೊಳ್ಳಬಹುದು.'

ದರ್ಜಿ: ನಡಿ ಪುಟ್ಟಿ, ಈಗಲೇ ಪೆನ್ಸಿಲ್ ತರೋಣ. ಹಂಗೇ ಬರ್ತಾ...

ಹೆಂಡತಿ: ಟೀ ಪುಡಿ. ಗೊತ್ತಿತ್ತು ಬಿಡಿ.

ಮಗಳು ಹಾಳೆಯ ಮುಂದೆ ನಿಂತು ಹೊಸ ಸಾಲನ್ನು ಎರಡು ಸಲ ಓದಿದಳು. ತಲೆದೂಗಿ, ಅದರ ಪಕ್ಕದಲ್ಲಿ ಅಚ್ಚುಕಟ್ಟಾಗಿ ಅಂದಿನ ತಾರೀಖು ಹಾಕಿದಳು.

ಮಗಳು: ಒಳ್ಳೇ ನಿಯಮ ಅಪ್ಪ. ಮುಂದಿನ ಗುರುವಾರವೂ ಬೇಕು ಅನ್ನಿಸಿದ್ರೆ ಇಟ್ಕೊಳ್ಳೋಣ.