ಒಂಬತ್ತನೇ ಕಲಮು

ಹಳೆಯ ಮಸೂದೆಯನ್ನೇ ತಿದ್ದಿ ತೀಡಿ ಹೊಸದು ಮಾಡುವುದು ಸಂಸತ್ತಿನ ಟೈಪಿಂಗ್ ವಿಭಾಗದಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿ. ಅಲ್ಲಿನ ಟೈಪಿಸ್ಟ್, ಸಹೋದ್ಯೋಗಿಗಳ ಬಾಯಲ್ಲಿ ನಕಲಪ್ಪ, ಸೆಲೂನುಗಳ ಮಸೂದೆಗೆ ದೋಣಿಗಳ ಮಸೂದೆಯನ್ನು ಎದುರಿಗಿಟ್ಟುಕೊಂಡ. 'ದೋಣಿ' ಇದ್ದಲ್ಲೆಲ್ಲ 'ಸೆಲೂನು' ಎಂದು ಕುಟ್ಟಿದ. ಒಂಬತ್ತನೇ ಕಲಮನ್ನು ತೆಗೆದುಹಾಕಲು ಮಾತ್ರ ಮರೆತ. 'ಸೆಲೂನಿನಲ್ಲಿ ಕೂತ ಪ್ರತಿ ಗಿರಾಕಿಯೂ ಲೈಫ್ ಜಾಕೆಟ್ ತೊಟ್ಟಿರತಕ್ಕದ್ದು' ಎಂದು ಅದು ಹಾಗೇ ಉಳಿಯಿತು.

ಸದನದಲ್ಲಿ ಯಾರೂ ಅದನ್ನು ಓದಲಿಲ್ಲ. ಆಳುವ ಪಕ್ಷದವರು ತಮ್ಮದೆಂದು ಕೈಯೆತ್ತಿದರು. ವಿರೋಧ ಪಕ್ಷದವರು ಬೇರಾವುದೋ ವಿಷಯಕ್ಕೆ ಸಿಟ್ಟಾಗಿ ಆಗಲೇ ಎದ್ದುಹೋಗಿದ್ದರು. ಹನ್ನೊಂದೇ ನಿಮಿಷಕ್ಕೆ ಮಸೂದೆ ಪಾಸಾಯಿತು. ಸೆಲೂನು ಮಾಲೀಕರು ಕೋರ್ಟಿನ ಮೆಟ್ಟಿಲು ಹತ್ತಿದರು.

ಇವತ್ತು ತೀರ್ಪು. ಮೂಲ ಕಡತ ಕೊಡಿ ಎಂದು ನ್ಯಾಯಾಧೀಶರು ಕೇಳಿದರೆ ನಕಲಪ್ಪನ ಕತೆ ಮುಗಿದಂತೆ, ಪುಟಪುಟದಲ್ಲೂ ಅವನದೇ ಸಹಿ. ಇಪ್ಪತ್ತೆರಡು ವರ್ಷದ ನೌಕರಿ ಕೈಬಿಟ್ಟು ಹೋಗುತ್ತದೆ. ಹೆಡ್ ಕ್ಲಾರ್ಕು ಕಡತವನ್ನು ಅವನ ಕಂಕುಳಿಗೆ ತುರುಕಿ ಕೋರ್ಟಿಗೆ ಎಳೆದೊಯ್ದರು. ತಾವಂತೂ ಆ ಮಸೂದೆಯನ್ನು ಕಣ್ಣಿಂದಲೂ ನೋಡಿಲ್ಲವೆಂದು ದಾರಿಯುದ್ದಕ್ಕೂ ಹೇಳಿದರು.

ತಮ್ಮ ಕಕ್ಷಿದಾರರ ಅಂಗಡಿಯಲ್ಲಿರುವ ನೀರೆಂದರೆ ಒಂದು ಮಗ್ಗು ಮಾತ್ರ, ಅದರಲ್ಲಿ ಯಾರೂ ಮುಳುಗಿದ ದಾಖಲೆಯಿಲ್ಲ ಎಂದು ವಕೀಲರು ಕೊನೆಯ ಸಲ ಹೇಳಿ ನೋಡಿದರು. ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡರು.

"ಸಂಸತ್ತು ಒಂದು ಮಾತನ್ನೂ ಸುಮ್ಮನೆ ಬರೆಯೋದಿಲ್ಲ. ಕತ್ತಿಯ ಕೆಳಗೆ ಕೂತವನ ಎದೆಗೆ ರಕ್ಷಣೆ ಬೇಕು ಅನ್ನೋ ದೂರದೃಷ್ಟಿ ಇಲ್ಲಿದೆ. ಕಲಮು ಊರ್ಜಿತ. ಕಡತ ನೋಡೋ ಅಗತ್ಯ ಇಲ್ಲ."

ನಕಲಪ್ಪನಿಗೆ ಹೋದ ಜೀವ ಬಂದಂತಾಯಿತು. ಮೆಟ್ಟಿಲಲ್ಲೇ ಹೆಂಡತಿಗೆ ಫೋನು ಮಾಡಿ, ನೌಕರಿ ಉಳಿಯಿತು ಕಣೇ ಎಂದು ಅತ್ತೇಬಿಟ್ಟ. ಚಿಂತೆಯಲ್ಲಿ ವಾರದಿಂದ ಗಡ್ಡ ಬೇರೆ ಬೆಳೆದಿತ್ತು. ಎದುರಿಗೆ ಕಂಡ ಸೆಲೂನಿಗೆ ನುಗ್ಗಿದ.

ಮಾಲೀಕ ತುಟಿ ಬಿಗಿಹಿಡಿದು ಅವನಿಗೆ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ ಪಟ್ಟಿ ಬಿಗಿದ. ನೊರೆ ಹಚ್ಚಿದ. ಈ ಜಾಕೆಟ್ಟಿನ ದೆಸೆಯಿಂದ ಅರ್ಧ ಗಿರಾಕಿಗಳು ಮನೆಯಲ್ಲೇ ಶೇವ್ ಮಾಡಿಕೊಳ್ಳುತ್ತಿದ್ದಾರೆಂದು ಗೊಣಗುತ್ತ ಎಡಗೆನ್ನೆ ಮುಗಿಸಿದ. ನಕಲಪ್ಪ ಅಯ್ಯೋ ಪಾಪ ಎಂದ. ಕತ್ತಿ ಗಂಟಲಿಗೆ ಬಂತು.

ಅಷ್ಟರಲ್ಲಿ ಹೆಡ್ ಕ್ಲಾರ್ಕು ಅವನನ್ನು ಹುಡುಕಿಕೊಂಡು ಬಂದರು. ಗೆದ್ದ ಮೇಲೆ ಅವರಿಗೆ ಮಸೂದೆಯ ಮೇಲೆ ಎಲ್ಲಿಲ್ಲದ ಅಭಿಮಾನ ಹುಟ್ಟಿತ್ತು.

"ನೀವು ಪುಣ್ಯ ಮಾಡಿದ್ರಿ ಕಣ್ರೀ," ಎಂದರು ಮಾಲೀಕನಿಗೆ. "ಆ ಒಂಬತ್ತನೇ ಕಲಮು ಬಂದಿದ್ದು ನಮ್ಮ ಇವನ ಕೈಯಿಂದಾನೇ."

ಕತ್ತಿ ನಿಂತಿತು. ಜಾಕೆಟ್ ಎದೆಯನ್ನೇನೋ ಮುಚ್ಚಿತ್ತು. ಕುತ್ತಿಗೆಯ ವಿಚಾರದಲ್ಲಿ ಕಾನೂನು ಏನನ್ನೂ ಹೇಳಿರಲಿಲ್ಲ. ನಕಲಪ್ಪ ಉಗುಳು ನುಂಗಲೂ ಹೆದರಿದ.

ಮಾಲೀಕ ನಿಧಾನವಾಗಿ ಕತ್ತಿ ಮಡಚಿದ. ಒಂದೊಂದೇ ಪಟ್ಟಿ ಬಿಚ್ಚಿದ.

"ಏಳಿ ಸಾರ್. ಉಳಿದ ಅರ್ಧ ಗಡ್ಡ ಸಂಸತ್ತಲ್ಲೇ ಮಾಡಿಸ್ಕೊಳ್ಳಿ."

ನೌಕರಿಯೂ ಇತ್ತು, ಕುತ್ತಿಗೆಯೂ ಇತ್ತು. ಬಲಗೆನ್ನೆಯ ನೊರೆಯನ್ನು ಅಂಗಿ ತೋಳಿಗೆ ಒರೆಸಿಕೊಳ್ಳುತ್ತ, ಬದುಕಿದೆಯಾ ಬಡಜೀವವೇ ಎಂದು ನಕಲಪ್ಪ ಬೀದಿಗಿಳಿದ. ಪಕ್ಕದ ಸೆಲೂನಿನವನು ಆಗಲೇ ಫೋನು ಕಿವಿಗಿಟ್ಟುಕೊಂಡು, ಅವನನ್ನೇ ನೋಡುತ್ತ, ಬಾಗಿಲೆಳೆಯುತ್ತಿದ್ದ.