ಅಕ್ಕನ ಬ್ಯಾಟರಿಗೆ ಒಂದು ಮೂಲೆ ತೋರಿಸಿ

ಗೃಹವಿದ್ಯುತ್ ಮತ್ತು ಅಗ್ನಿಸುರಕ್ಷತಾ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ಸೋಮವಾರ ಬೆಳಿಗ್ಗೆ ತಮ್ಮ ಪರೀಕ್ಷಕರು ನಮ್ಮ ಮನೆಗೆ ದಯಮಾಡಿಸಿ, ಕರೆಂಟ್ ಹೋದಾಗ ನನ್ನ ಅಕ್ಕನ ಆಮ್ಲಜನಕ ಯಂತ್ರವನ್ನು ನಡೆಸುವ ಇನ್ವರ್ಟರ್ ಬ್ಯಾಟರಿಯ ವೈರು ಕಳಚಿ, ಮೊಹರು ಹಾಕಿ ಹೋದರು. ಅಂದಿನಿಂದ ಅಕ್ಕ ಫ್ಯಾನಿನ ಮೇಲೇ ಕಣ್ಣಿಟ್ಟು ಕೂತಿದ್ದಾಳೆ. ಅದು ಕೊಂಚ ನಿಧಾನವಾದರೂ ಕರೆಂಟ್ ಹೋಯಿತೆಂದು ಮನೆಮಂದಿಯೆಲ್ಲ ಎದ್ದು ನಿಲ್ಲುತ್ತೇವೆ. ನಮ್ಮನ್ನು ಬೆಂಕಿಯಿಂದ ಕಾಪಾಡಿದ್ದಕ್ಕೆ ಮೊದಲು ವಂದನೆಗಳು.

ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. ಬ್ಯಾಟರಿ ಹೊತ್ತಿಕೊಂಡರೆ ಏನಾಗುತ್ತದೆಂದು ಬಲ್ಲೆ. ತಮ್ಮ ನಿಯಮಪುಸ್ತಕವನ್ನೂ ರಟ್ಟಿನಿಂದ ರಟ್ಟಿನವರೆಗೆ ಓದಿದ್ದೇನೆ. ಮಲಗುವ ಕೋಣೆಯಲ್ಲಿ ಬ್ಯಾಟರಿ ಕೂಡದು. ನಮಗಿರುವುದು ಎರಡು ಕೋಣೆ, ಎರಡರಲ್ಲೂ ಮಲಗುತ್ತೇವೆ. ಅಡುಗೆಮನೆಯಲ್ಲಿ ಒಲೆ, ಬಚ್ಚಲಲ್ಲಿ ನೀರು, ಬಾಲ್ಕನಿಯಲ್ಲಿ ಬಿಸಿಲು. ತಮ್ಮ ಪರೀಕ್ಷಕರು ಟೇಪು ಹಿಡಿದು, ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರನ್ನೂ ಉರಿಯುವ ವಸ್ತುವೆಂದು ಗುರುತಿಸಿ ಅಳೆದರು. ಎಲ್ಲ ನಿಯಮಗಳೂ ಒಪ್ಪುವ ಜಾಗವೊಂದು ಕೊನೆಗೂ ಸಿಕ್ಕಿತು. ಅದು ಪಕ್ಕದ ಮನೆಯವರ ಊಟದ ಮೇಜು.

"ಮನೆ ಸ್ವಲ್ಪ ದೊಡ್ಡದು ಮಾಡ್ಕೊಳ್ಳಿ ಸಾರ್" ಎಂದು ಅವರು ಸಲಹೆಯನ್ನೂ ಕೊಟ್ಟರು. ಅಕ್ಕ ಮೂಗಿನ ಕೊಳವೆ ಸರಿಪಡಿಸಿಕೊಂಡು, "ಅಲ್ಲೀವರೆಗೆ ನಾನು ಉಸಿರು ಬಿಗಿಹಿಡ್ಕೊಂಡು ಎಲ್ಲಿ ಕೂತ್ಕೊಳ್ಳಲಿ, ಅದನ್ನೂ ಅಳೆದು ಹೇಳಿಬಿಡಪ್ಪಾ" ಎಂದಳು. ಅವರು ಟೇಪು ಸುತ್ತಿ ಜೇಬಿಗಿಟ್ಟುಕೊಂಡರು.

ಅವರು ಇಳಿದುಹೋದ ಮೆಟ್ಟಿಲ ಬುಡದಲ್ಲಿ, ಕಟ್ಟಡಕ್ಕಿರುವ ಒಂದೇ ಒಂದು ಹೊರದಾರಿಯಲ್ಲಿ, ಬಾಡಿಗೆದಾರರ ವಿದ್ಯುತ್ ಸ್ಕೂಟರುಗಳೆಲ್ಲ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಬಾಯಿ ಹಚ್ಚಿ ಚಾರ್ಜ್ ಆಗುತ್ತಿದ್ದವು. ಪರೀಕ್ಷಕರು ಪ್ಯಾಂಟು ಎತ್ತಿಹಿಡಿದು ಆ ವೈರುಗಳನ್ನು ನಾಜೂಕಾಗಿ ದಾಟಿದರು. ನಾನು ಬೆರಳು ತೋರಿಸಿದಾಗ, "ಅದು ವಾಹನ ಸಾರ್, ಗೃಹೋಪಯೋಗಿ ಅಲ್ಲ, ನಮ್ಮ ವ್ಯಾಪ್ತಿಗೆ ಬರಲ್ಲ" ಎಂದರು. ಹಾಗಾದರೆ ಅಕ್ಕನ ಬ್ಯಾಟರಿಗೆ ಎರಡು ಚಕ್ರ, ಒಂದು ಹಾರ್ನ್ ಹಾಕಿಸಿ ಅಲ್ಲೇ ನಿಲ್ಲಿಸಲು ಅಪ್ಪಣೆಯೇ? ಆಗದಿದ್ದರೆ ಬೆಂಕಿಗಾದರೂ ಒಂದು ಸುತ್ತೋಲೆ ಕಳಿಸಿ, ವಾಹನದಲ್ಲಿ ಹುಟ್ಟಿದ್ದು ಮನೆಯೊಳಗೆ ಬರಕೂಡದೆಂದು ಆಜ್ಞಾಪಿಸಿ.

ತಮ್ಮ ಕಚೇರಿಯ ಮುಂದಾಲೋಚನೆಯನ್ನು ನಾನು ಹಿಂದೆಯೂ ಕಂಡವನು. ನಮ್ಮ ಬೀದಿಯ ದರ್ಜಿಯ ಅಂಗಡಿ ಇಸ್ತ್ರಿಪೆಟ್ಟಿಗೆಯ ಹಳೇ ವೈರಿನಿಂದ ಸುಟ್ಟುಹೋದ ಮೇಲೆ ತಾವು ಬಂದು, ಬಾಗಿಲ ಬಳಿ ಮರಳಿನ ಬಕೆಟ್ ಇಡಬೇಕೆಂದು ಆದೇಶಿಸಿದಿರಿ. "ಬಾಗಿಲೇ ಇಲ್ವಲ್ಲ ಸ್ವಾಮಿ" ಎಂದು ಆತ ಬೂದಿಯ ಮಧ್ಯೆ ನಿಂತು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಈ ಸಲ ಒಂದಿಷ್ಟು ಮುಂಚೆ ಬನ್ನಿ: ಕೆಳಗಿನ ವೈರುಗಳನ್ನು ತೆಗೆಸಿ, ಮೇಲಿನ ಮೊಹರು ಒಡೆದು, ಬ್ಯಾಟರಿಗೆ ಕ್ಷೇಮವಾದ ಒಂದು ಜಾಗವನ್ನು ತಾವೇ ಕೈಯಾರೆ ತೋರಿಸಿ.

ಸ್ವಿಚ್ಚು ಒತ್ತುವಾಗಲೆಲ್ಲ ತಮ್ಮನ್ನು ನೆನೆಯುವ,
ತಮ್ಮ ವಿಶ್ವಾಸಿ,
ಮೇಲಿನ ಮಹಡಿಯ ನಿವೃತ್ತ ಗ್ರಂಥಪಾಲಕ

ತಾ.ಕ.: ತಮ್ಮ ಕಚೇರಿಯಲ್ಲಿ ಜನರೇಟರ್ ಇದೆ, ಕರೆಂಟ್ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂದು ತಿಳಿದು ಅಕ್ಕನಿಗೆ ಹಿಡಿಸಲಾರದಷ್ಟು ಸಂತೋಷವಾಗಿದೆ. ಮುಂದಿನ ಸಲ ಇಲ್ಲಿ ಕರೆಂಟ್ ಹೋದ ಕೂಡಲೇ ಯಂತ್ರ ಸಮೇತ ಅವಳನ್ನು ಆಟೋದಲ್ಲಿ ಅಲ್ಲಿಗೇ ಕರೆತರುತ್ತೇವೆ. ಯಾವ ಅಧಿಕಾರಿ ತಮ್ಮ ಕುರ್ಚಿ ಬಿಟ್ಟುಕೊಡುತ್ತಾರೆಂಬುದನ್ನು ಊರಿಗೆಲ್ಲ ಕಾಣುವಂತೆ ತಮ್ಮ ಹೆಬ್ಬಾಗಿಲಿಗೇ ಬರೆದು ಅಂಟಿಸಿ.