ಅತ್ತೆಯ ಕೈಗೆ ರಿಮೋಟ್ ಕೊಡಬೇಡಿ

ನಿಮ್ಮ ಮನೆಯ ಟಿವಿ ಚೆನ್ನಾಗಿದೆ ಎಂದು ನೀವು ನಂಬಿದ್ದರೆ, ದಯವಿಟ್ಟು ನಮ್ಮತ್ತೆಯನ್ನು ಒಳಗೆ ಕರೆಯಬೇಡಿ. ಕಟ್ಟೆಯ ಮೇಲೇ ಕೂರಿಸಿ, ಚಹಾ ಕೊಟ್ಟು ಕಳಿಸಿಬಿಡಿ. ಒಳಗೆ ಬಂದರೋ, ನಿಮ್ಮ ಕ್ಷೇಮ ಕೇಳುವ ಮೊದಲು ಟಿವಿಯ ಆರೋಗ್ಯ ವಿಚಾರಿಸುತ್ತಾರೆ.

"ಇದೇನವ್ವಾ, ಟಿವಿಯೊಳಗಿನ ಮಂದಿಗೆಲ್ಲಾ ಕಾಮಣಿ ಆಗ್ಯದೇನು? ಮಾರಿ ಎಲ್ಲಾ ಹಳದಿ ಕಾಣ್ಲಿಕತ್ತಾವ! ಆ ರಿಮೋಟ್ ತಾ ಜರಾ."

ಪಕ್ಕದಲ್ಲಿ ನಿಂತ ನನ್ನ ಮೋರೆ ಆಗ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ಯಾವ ಟಿವಿಯೂ ತೋರಿಸಲಾರದು!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮದುವೆಯಾಗಿಲ್ಲ, ಶಹಾಬಾದದಲ್ಲಿ ಒಬ್ಬರೇ ಇದ್ದಾರೆ. ಸರಕಾರಿ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡಿ ನಿವೃತ್ತರಾದವರು. ಊರಿನ ಅರ್ಧ ಜನರ ಪಕ್ಕೆಲುಬು ಕಂಡವರಿಗೆ ಸಂಕೋಚ ಎಲ್ಲಿಂದ ಬರಬೇಕು ಹೇಳಿ? ನಿವೃತ್ತರಾದವರು ಕಾಶಿಗೆ ಹೋಗುತ್ತಾರೆ, ಇಲ್ಲವೇ ಬಂಗಾರ ಮಾಡಿಸುತ್ತಾರೆ. ನಮ್ಮತ್ತೆ ಓಎಲ್ಇಡಿ ಟಿವಿ ತಂದರು!

"ಬ್ಯಾರೆ ಟಿವಿಯೊಳಗ ಹಿಂದ ದೀಪ ಹಚ್ಚಿರ್ತಾರ, ಕಪ್ಪಿಗೆ ಬೂದಿ ಬಳದಂಗ ಕಾಣ್ತದ. ಇದರಾಗ ಒಂದೊಂದು ಚುಕ್ಕಿ ತಾನೇ ಹತ್ತತದ, ತಾನೇ ಆರತದ. ಕಪ್ಪಂದ್ರ ಖರೇ ಕಪ್ಪು!" ಎಂದು ಹಾಲು ಹಾಕುವವನಿಗೂ ತಿಳಿಸಿ ಹೇಳಿದರು. ಪಾಪ, ಅವನು ಮರುದಿನದಿಂದ ಹಾಲನ್ನು ಗೇಟಿಗೆ ತೂಗುಹಾಕಿ ಹೋಗತೊಡಗಿದ.

ತಂದ ಮೇಲಾದರೂ ಸುಮ್ಮನಾದರೇ? ಪ್ರತಿ ವರ್ಷ ಹೊಸ ಮಾದರಿ ಬಂತೆಂದರೆ ಸಾಕು, ಸೇಡಂನಲ್ಲಿ ಶಾಲೆ ಟೀಚರಾಗಿರುವ ನನ್ನನ್ನು ಎಳೆದುಕೊಂಡು ಕಲಬುರಗಿಯ ಅಂಗಡಿಗೆ ಹೊರಡುತ್ತಾರೆ. ಒಂದು ವರ್ಷ, "ಬೆಳಕು ಹೆಚ್ಚಾಗ್ಯದ ನೋಡು, ಆದ್ರೂ ಬಣ್ಣ ಬಿಳಚಿಲ್ಲ!" ಎಂದರು. ಇನ್ನೊಂದು ವರ್ಷ, "ಕಿಟಕಿ ತೆರದ್ರೂ ಗಾಜಿನಾಗ ನಮ್ಮ ಮಾರಿ ಮೂಡೂದಿಲ್ಲ!" ಎಂದು ಕುಣಿದರು. ಕೊಳ್ಳುತ್ತಾರೆಯೇ? ಎಲ್ಲಿಯ ಮಾತು! ಉಟ್ಟ ಕರಿಸೀರೆಯ ಸೆರಗನ್ನು ಪರದೆಗೆ ಹಿಡಿದು ಎರಡು ಕಪ್ಪುಗಳನ್ನೂ ಹೋಲಿಸುತ್ತಾರೆ, ಅಷ್ಟೆ.

ಹೋದ ವರ್ಷವಂತೂ ಅಂಗಡಿಯ ದೀಪವನ್ನೇ ಆರಿಸಬೇಕೆಂದು ಹಟ ಹಿಡಿದರು. "ಟಿವಿಯೊಳಗ ಕತ್ತಲಾಗ ನಿಂತವನ ಕೂದಲು ಎಳಿ ಎಳಿ ಕಾಣ್ಬೇಕ್ರಿ. ಹಂಗ ಕಂಡ್ರ ಈ ವರ್ಷ ಸುಧಾರಣಿ ಆಗ್ಯದ ಅಂತ ಒಪ್ತೀನಿ." ಮಾಲೀಕರು ಪೀಡೆ ತೊಲಗಿದರೆ ಸಾಕೆಂದು ಆರಿಸಿದರು. ಆ ಕತ್ತಲಲ್ಲಿ ಮಿಕ್ಸರ್ ಕೊಳ್ಳಲು ಬಂದ ಗೃಹಸ್ಥರೊಬ್ಬರು ಫ್ರಿಜ್ಜಿಗೆ ಹಾಯ್ದು ಹಣೆ ಊದಿಸಿಕೊಂಡರು. ದೀಪ ಹತ್ತಿದಾಗ ನೋಡುತ್ತೇನೆ, ನಮ್ಮ ಶಾಲೆಯ ಹೆಡ್‌ಮಾಸ್ತರು! ನಾನು ವಾಷಿಂಗ್ ಮಷೀನಿನ ಹಿಂದೆ ಅಡಗಿದೆ. ಅತ್ತೆ ನೆಟ್ಟಗೆ ಹೋಗಿ ಅವರ ಹಣೆ ಒತ್ತಿ ನೋಡಿ, "ಎಲುಬಿಗೇನೂ ಆಗಿಲ್ರಿ," ಎಂದು ಸರ್ಟಿಫಿಕೇಟು ಕೊಟ್ಟು, "ಏ, ಅಲ್ಯಾಕ ಕುಂತೀಯವ್ವಾ? ಹೊರಗ ಬಾ!" ಎಂದು ನನ್ನನ್ನು ಕೂಗಿದರು.

ಇದೆಲ್ಲ ಏನೂ ಅಲ್ಲ. ಮೊನ್ನೆ ತಮ್ಮನಿಗೆ ಹೆಣ್ಣು ನೋಡಲು ಚಿಂಚೋಳಿಗೆ ಹೋಗಿದ್ದೆವು. ಅಪ್ಪನಿಗೆ ಮೊಣಕಾಲು ನೋವು, ಹಿರಿಯರೆಂದು ಅತ್ತೆಯೇ ಬರಬೇಕಾಯಿತು. ಟಿವಿಯ ಸುದ್ದಿ ಎತ್ತುವುದಿಲ್ಲವೆಂದು ಕಾರಿನಲ್ಲೇ ಆಣೆ ಮಾಡಿಸಿಕೊಂಡಿದ್ದೆ.

ಆದರೆ ಆ ಮನೆಯವರು ಹುಡುಗಿಯ ಫೋಟೋಗಳನ್ನು ಟಿವಿಯಲ್ಲೇ ಹಾಕಿಟ್ಟಿದ್ದರು! ಕಾಡಿನ ಗುಡ್ಡದ ಮುಂದೆ ನಿಂತ ಹುಡುಗಿ. ಗಿಡವೆಲ್ಲ ಗಿಣಿಹಸಿರು, ಹುಡುಗಿಯ ಮೋರೆ ಸುಣ್ಣದಂತೆ ಬೆಳ್ಳಗೆ. ಅತ್ತೆ ಕೈ ಹಿಸುಕಿಕೊಂಡರು. ಅವಲಕ್ಕಿ ಮುಗಿಯುವವರೆಗೆ ತಡೆದರು. ಆಮೇಲೆ ಆಣೆ ಮುರಿದುಬಿತ್ತು.

"ಅಂಗಡ್ಯಾಗ ಇಟ್ಟಂಗ ಬೆಳಕು ಪೂರಾ ಏರಿಸಿಬಿಟ್ಟೀರಲ್ರಿ!"

"ಇರ್ಲಿ ಬಿಡ್ರಿ ಅಕ್ಕಾರೆ, ಛಲೋ ಕಾಣ್ತದ," ಎಂದು ಹುಡುಗಿಯ ತಂದೆ ಗಾಬರಿಯಿಂದ ರಿಮೋಟಿಗೆ ಕೈ ಚಾಚಿದರು. ಅಷ್ಟರಲ್ಲಿ ಅದು ಅತ್ತೆಯ ಕೈಯಲ್ಲಿತ್ತು. ಪಟಪಟನೆ ಒತ್ತಿದರು. ಗಿಡ ಗಿಡದ ಬಣ್ಣಕ್ಕೆ ಬಂತು, ಕಲ್ಲು ಕಲ್ಲಿನ ಬಣ್ಣಕ್ಕೆ ಬಂತು. ಹುಡುಗಿ ಕಪ್ಪಾದಳು. ನಮ್ಮ ಎರೆಮಣ್ಣಿನಷ್ಟು ಕಪ್ಪು.

ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಆದರೆ ಕೆಳಗೆ ಹಾಸಿದ್ದು ಶಹಾಬಾದಿನ ಕಲ್ಲು, ಅದೆಲ್ಲಿ ಬಾಯಿ ಬಿಡುತ್ತದೆ! "ಅತ್ತೀ, ಮೊದಲಿನಂಗ ಮಾಡ್ರಿ," ಎಂದು ಪಿಸುಗುಟ್ಟಿದೆ. "ಟಿವಿ... ಟಿವಿ ಕೆಟ್ಟದ್ರಿ," ಎಂದು ಹುಡುಗಿಯ ತಾಯಿ ಸೆರಗಿನಿಂದ ಹಣೆ ಒರೆಸಿಕೊಂಡರು.

"ಕೆಟ್ಟಿಲ್ಲವ್ವಾ."

ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಹುಡುಗಿಯೇ ನಿಂತಿದ್ದಳು. ಟಿವಿಯತ್ತ ನೋಡಿ, ತಟ್ಟೆಯನ್ನು ಕೆಳಗಿಟ್ಟಳು. "ಹಂಗೇ ಇರ್ಲಿ ಬಿಡ್ರಿ. ಮುಂಜಾನಿಂದ ಹೇಳ್ಲಿಕತ್ತೀನಿ, ಅದು ನಾ ಅಲ್ಲ ಅಂತ. ಯಾರೂ ಕೇಳ್ಲಿಲ್ಲ."

ಅಲ್ಲಿಯವರೆಗೆ ಕಾಲ್ಬೆರಳು ಎಣಿಸುತ್ತಿದ್ದ ನನ್ನ ತಮ್ಮ ಮೊದಲ ಬಾರಿ ತಲೆ ಎತ್ತಿದ. ಟಿವಿಯನ್ನಲ್ಲ, ಅವಳನ್ನು ನೋಡಿದ. ಏನಾದರೂ ಹೇಳಲೇಬೇಕು ಎನಿಸಿರಬೇಕು. "ಚಹಾ ಭಾಳ ಛಲೋ ಆಗ್ಯದ್ರಿ," ಎಂದ. ಇನ್ನೂ ಚಹಾದ ಕಪ್ಪನ್ನೇ ಮುಟ್ಟಿರಲಿಲ್ಲ!

ಬರುವಾಗ ಕಾರಿನಲ್ಲಿ ಅತ್ತೆಯನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. "ಮಂದಿ ಮನ್ಯಾಗ ಹೋಗಿ ಮಾನ ಕಳದ್ರಿ. ನಾಳೆ ಅವರಿಗೆ ಹ್ಯಾಂಗ ಮಾರಿ ತೋರಸ್ಬೇಕು?"

ಮುಂದೆ ಕುಳಿತ ತಮ್ಮ ತಿರುಗದೆಯೇ, "ಅಕ್ಕಾ, ಸಾಕು ಬಿಡು. ನನಗ ಹುಡುಗಿ ಒಪ್ಪಿಗಿ ಅದ. ಆಕಿಗೂ ಒಪ್ಪಿಗಿ ಅದ ಏನಂತ ಕೇಳು," ಎಂದ.

ಅತ್ತೆ ಹೊರಗಿನ ತೊಗರಿ ಹೊಲ ನೋಡುತ್ತಿದ್ದರು. ಮಳಖೇಡ ದಾಟಿದ ಮೇಲೆ, ಯಾರಿಗೆಂದಿಲ್ಲದೆ ಹೇಳಿದರು: "ನನ್ನ ನೋಡ್ಲಿಕ್ಕೆ ಬಂದಾಗೆಲ್ಲಾ ನಮ್ಮವ್ವ ಕುತ್ತಿಗಿ ತನಕ ಪೌಡರ್ ಬಡಿದು ಕೂಡಸ್ತಿದ್ಳು. ಬಂದವರು ಪೌಡರ್ ನೋಡಿ ಹೋದ್ರು. ನನ್ನ ಯಾರೂ ನೋಡ್ಲೇ ಇಲ್ಲವ್ವಾ."

ಅತ್ತೆಯೇ ಮದುವೆ ಒಲ್ಲೆ ಎಂದರೆಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ, ಕೇಳಿರಲೇ ಇಲ್ಲ. ಅವರತ್ತ ತಿರುಗಿದೆ. ಸಂಜೆಯ ಬಿಸಿಲು ಅವರ ಮುಖದ ಮೇಲಿತ್ತು. ಕಪ್ಪು ಕೆನ್ನೆ, ಗದ್ದದ ಮೇಲೊಂದು ಹಳೆಯ ಗಾಯದ ಗುರುತು, ಕಿವಿಯ ಹತ್ತಿರ ಸಣ್ಣ ಬಿಳಿಕೂದಲು. ಆ ಗಾಯ ಹೇಗಾಯಿತೆಂದೂ ನನಗೆ ಗೊತ್ತಿರಲಿಲ್ಲ.

"ಯಾಕ, ಏನು ನೋಡ್ಲಿಕತ್ತಿ?" ಎಂದರು.

"ನಿಮ್ಮನ್ರಿ, ಅತ್ತೀ," ಎಂದೆ.